ಅಪ್ಪನ ಕರುಳಿಗೆ ರೇಷ್ಮೆ ನೂಲು

ನಮ್ಮ ಮರಳವಾಡಿ ಕಡೆ ಆಪರೇಷನ್ ಆದವರನ್ನು ನೋಡಲು ಬರುವವರು ಕೈಯಲ್ಲಿ ಕಿತ್ತಳೆ ಹಣ್ಣು, ಬಾಯಲ್ಲಿ ‘ನಂಜು’ ತಂದೇ ತರುತ್ತಾರೆ. ಮೊಟ್ಟೆ ನಂಜು, ಬದನೆಕಾಯಿ ನಂಜು, ಬೇಳೆ ತಿಂದರೆ ಹೊಲಿಗೆ ಕೀವಾಗುತ್ತದೆ. ಹೋದ ವರ್ಷ ಅಪ್ಪನ ಕರುಳು ತಿರುಚಿಕೊಂಡು, ಕೊಳೆತಿದ್ದ ಗೇಣುದ್ದದ ಭಾಗ ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದಾಗ ಈ ಪಟ್ಟಿ ನನಗೆ ಬಾಯಿಪಾಠವಾಯಿತು. ಬಿ.ಎಸ್ಸಿ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ನಾನೇ ಆಸ್ಪತ್ರೆಯಲ್ಲಿ ಜೊತೆಗಿದ್ದೆ.

ಹೊಲಿದದ್ದು ರೇಷ್ಮೆ ನೂಲಲ್ಲಿ ಎಂದು ತಿಳಿದಾಗ ಅಪ್ಪ, ‘ನಮ್ಮ ರಾಮನಗರದ್ದಾ ಸಾರ್?’ ಎಂದು ಕೇಳಿದರು. ಮೂವತ್ತು ವರ್ಷ ಹುಳು ಸಾಕಿ ಅಲ್ಲಿನ ಮಾರ್ಕೆಟ್ಟಿಗೆ ಗೂಡು ಹಾಕಿದವರು. ಡಾಕ್ಟರು ನಕ್ಕರು. ನನ್ನನ್ನು ಹೊರಗೆ ಕರೆದು ಹೇಳಿದ್ದು ಮಾತ್ರ ನಗುವ ಮಾತಲ್ಲ: ಮೊದಲ ಮೂರು ನಾಲ್ಕು ದಿನ ಈ ಜೋಡಣೆ ಗಟ್ಟಿಯಾಗುವ ಬದಲು ಸಡಿಲವಾಗುತ್ತದೆ.

ಗಾಯದ ಅಂಚಿನ ಹಳೆಯ ಕೊಲ್ಯಾಜನ್ ನಾರನ್ನು ದೇಹದ ಕಿಣ್ವಗಳೇ ಕರಗಿಸುತ್ತವೆ. ಹೊಸದು ಬರುವವರೆಗೆ ನೂಲೊಂದೇ ಆಧಾರ. ಅಷ್ಟರಲ್ಲಿ ಸೋರಿದರೆ ಕರುಳಲ್ಲಿರುವುದೆಲ್ಲ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಕುತ್ತು. ನರ್ಸ್‌ಗಳು ಆ ವಾರವೆಲ್ಲ ಜ್ವರ, ನಾಡಿ ನೋಡುತ್ತಿದ್ದದ್ದು ಇದಕ್ಕೇ.

ಹೊಸ ನಾರು ನೇಯಲು ಜೀವಕೋಶಗಳಿಗೆ ಕರೆ ಹೋಗಬೇಕು. ಆ ಕರೆಯೇ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಮೊದಲ ಕಂತು ಬಿಡುತ್ತವೆ, ಕಸ ಗುಡಿಸಲು ಬರುವ ಬಿಳಿ ರಕ್ತಕಣಗಳು ಮುಂದಿನದನ್ನು. ಇವನ್ನು ಗುರುತಿಸಿದ ಕಥೆ ಸೊಗಸಾಗಿದೆ. ಇಲಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಮರಿಗಳಿಗೆ ಚುಚ್ಚಿದಾಗ ಅವು ದಿನಕ್ಕೆ ಮೊದಲೇ ಕಣ್ಣು ತೆರೆದದ್ದನ್ನು ಸ್ಟ್ಯಾನ್ಲಿ ಕೋಹೆನ್ ಗಮನಿಸಿದರು. ಹಾಗೆ ಸಿಕ್ಕಿದ್ದು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. 1986ರಲ್ಲಿ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಬಂತು.

‘ಹಾಗಾದರೆ ಅದನ್ನೇ ಇಂಜೆಕ್ಷನ್ ಕೊಡಿಸಬಹುದಲ್ಲ?’ ಎಂದ ನನ್ನ ತಮ್ಮ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚುವ ಇಂಥ ಜೆಲ್‌ಗೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಹೈದರಾಬಾದಿನ ಭಾರತ್ ಬಯೋಟೆಕ್ ಕೂಡ ಒಂದನ್ನು ತಯಾರಿಸಿದೆ. ಕರುಳಿನ ಜೋಡಣೆಗೆ ಪ್ರಯೋಗ ನಡೆದಿರುವುದು ಹೆಚ್ಚಾಗಿ ಇಲಿಗಳ ಮೇಲೆ. ಕ್ಯಾನ್ಸರಿಗೆಂದು ಕರುಳು ಕತ್ತರಿಸಿದವರಲ್ಲಿ ಇನ್ನೊಂದು ಭಯ: ಬೆಳೆ ಎಂಬ ಸಂದೇಶ ಉಳಿದ ಕ್ಯಾನ್ಸರ್ ಕೋಶಕ್ಕೂ ಕೇಳಿಸಬಹುದು.

ಅಂದಮೇಲೆ ದೇಹವೇ ಮಾಡಿಕೊಳ್ಳಬೇಕು, ಅದಕ್ಕೆ ಸಾಮಾನು ಬೇಕು. ಕೊಲ್ಯಾಜನ್ ಒಂದು ಪ್ರೋಟೀನು. ಡಾಕ್ಟರು ಊಟ ಕೊಡಿ ಎಂದ ದಿನವೇ ನಮ್ಮ ಅತ್ತೆ ಮೊಟ್ಟೆಗೆ ಅಡ್ಡ ನಿಂತರು. ಬರೀ ಗಂಜಿ ಸಾಕಂತೆ. ನನ್ನ ಪಠ್ಯಪುಸ್ತಕದ ಮಾತು ಅವರ ಮುಂದೆ ನಡೆಯಲಿಲ್ಲ. ಕೊನೆಗೆ ಹುಳುಮನೆ ಲೆಕ್ಕವನ್ನೇ ತೆಗೆದೆ: ‘ಅತ್ತೆ, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಕಮ್ಮಿ ಮಾಡಿದರೆ ಗೂಡು ಹೆಂಗಾಗುತ್ತೆ?’

‘ಪೊರೆ ತೆಳ್ಳಗಾಗುತ್ತೆ, ಇನ್ನೇನು.’

ರೇಷ್ಮೆಯೂ ಪ್ರೋಟೀನೇ. ಹುಳ ಸೊಪ್ಪಿನಿಂದ ಮಾಡುವುದನ್ನು ಅಪ್ಪನ ಕರುಳು ಬೇಳೆ, ಮೊಟ್ಟೆ, ಹಾಲಿನಿಂದ ಮಾಡಬೇಕು. ಅವರು ತಂದ ಕಿತ್ತಳೆಗೂ ಕೆಲಸವಿದೆ, ವಿಟಮಿನ್ ಸಿ ಇಲ್ಲದೆ ಆ ನಾರು ಹುರಿಗೊಳ್ಳುವುದಿಲ್ಲ. ಅತ್ತೆ ಮಾತಾಡಲಿಲ್ಲ. ಮಾರನೇ ದಿನ ಡಬ್ಬಿಯಲ್ಲಿ ಬೇಯಿಸಿದ ಎರಡು ಮೊಟ್ಟೆ ಇದ್ದವು. ಬದನೆಕಾಯಿ ವಿಷಯ ನಾನು ಎತ್ತಲಿಲ್ಲ.

ಬೀಡಿಯದೇ ದೊಡ್ಡ ಜಗಳ. ನಿಕೋಟಿನ್ ರಕ್ತನಾಳ ಬಿಗಿಯುತ್ತದೆ. ರಕ್ತ ಹೋಗದ ಕಡೆ ಯಾವ ಕರೆ ಕೂಗಿ ಏನು? ಅಪ್ಪ ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಎಂದು ಹೇಳುತ್ತಾರೆ.

ಕರುಳಿನ ಜೋಡಣೆ ಬೇಗ ಬಲಿಯುತ್ತದೆ. ಮೇಲಿನ ಹೊಟ್ಟೆಯ ಗೋಡೆಗೆ ತಿಂಗಳುಗಳೇ ಬೇಕು, ಭಾರ ಎತ್ತಿದರೆ ಹರ್ನಿಯಾ. ಹಾಗಾಗಿ ಈಗ ಬೆಳಗಿನ ಸೊಪ್ಪಿನ ಹೊರೆ ನನ್ನ ತಲೆ ಮೇಲಿದೆ. ಎಫ್‌ಡಿಎ ಓದು ಹತ್ತು ಗಂಟೆಯ ಮೇಲೆ.