ಕೋಳಿಯ ಗಡ್ಡೆಯಿಂದ ರಕ್ತದ ಕ್ಯಾನ್ಸರಿನ ಮಾತ್ರೆಯವರೆಗೆ

ನಮ್ಮ ವಾಳೆಯ ಅಡಿಕೆ ಕೃಷಿಕರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಆಳು ಸಿಗದ ದಿನ ತಾವೇ ಮರ ಹತ್ತುತ್ತಿದ್ದವರು ಸ್ವಲ್ಪ ನಡೆದರೂ ದಣಿಯತೊಡಗಿದ್ದರು. ಎಡಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳ ಸಂಖ್ಯೆ ವಿಪರೀತ ಏರಿತ್ತು. ಮನೆಯವರು ತೋಟ ಮಾರುವ ಮಾತಿಗೂ ಬಂದಿದ್ದರು. ಆದರೆ ವೈದ್ಯರು ಬರೆದುಕೊಟ್ಟದ್ದು ದಿನಾ ನುಂಗುವ ಮಾತ್ರೆ. ಎರಡು ತಿಂಗಳಲ್ಲಿ ಅವರು ಮತ್ತೆ ತೋಟಕ್ಕಿಳಿದರು. ಒಂದೂವರೆ ವರ್ಷ ಕಳೆದ ಮೇಲೆ, "ನನಗೀಗ ಏನೂ ಇಲ್ಲವಲ್ಲ, ಮತ್ತೆ ಯಾಕೆ ಮಾತ್ರೆ?" ಎಂದುಕೊಂಡು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು.

ಅವರ ಪ್ರಶ್ನೆ ತಪ್ಪೇನಲ್ಲ. ಜ್ವರ ಬಿಟ್ಟ ಮೇಲೆ ಮದ್ದು ಬಿಡುವವರು ನಾವೆಲ್ಲರೂ. ಆದರೆ ಇದಕ್ಕೆ ಸರಿಯಾದ ಉತ್ತರ ಬೇಕಾದರೆ ನೂರು ವರ್ಷಕ್ಕೂ ಹಿಂದೆ, ಒಂದು ಹೇಂಟೆಯ ಬಳಿಗೆ ಹೋಗಬೇಕಾಗುತ್ತದೆ.

1909ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸಂಸ್ಥೆಗೆ ಪ್ಲಿಮತ್ ರಾಕ್ ಜಾತಿಯ ಒಂದು ಹೇಂಟೆ ಬಂತು. ಅದರ ಎದೆಯಲ್ಲಿ ದೊಡ್ಡ ಗಡ್ಡೆಯಿತ್ತು. ನಮ್ಮಲ್ಲಾದರೆ ಅಂಥ ಕೋಳಿಯನ್ನು ಹೂತುಬಿಡುತ್ತಿದ್ದೆವು. ಅಲ್ಲಿದ್ದ ಪೇಟನ್ ರೌಸ್ ಎಂಬ ಯುವ ವಿಜ್ಞಾನಿ ಆ ಗಡ್ಡೆಯನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ದಾಟಲಾರದಷ್ಟು ಸಣ್ಣ ರಂಧ್ರಗಳ ಶೋಧಕದಲ್ಲಿ ಸೋಸಿ, ಬಂದ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. ಗಡ್ಡೆಯನ್ನು ದಾಟಿಸುತ್ತಿದ್ದದ್ದು ಒಂದು ವೈರಸ್. 1911ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹೆಚ್ಚಿನವರು ಲಕ್ಷ್ಯ ಕೊಡಲಿಲ್ಲ. ನೊಬೆಲ್ ಬಹುಮಾನ ಬಂದದ್ದು 1966ರಲ್ಲಿ, ಅವರಿಗೆ 87 ವರ್ಷವಾದಾಗ. (ಕೋಳಿ ಸಾಕುವವರು ಗಾಬರಿಯಾಗಬೇಡಿ. ಈ ವೈರಸಿನಿಂದ ಮನುಷ್ಯರಿಗೆ ಕ್ಯಾನ್ಸರ್ ಬರುವುದಿಲ್ಲ, ಕೋಳಿ ಸಾರು ಉಣ್ಣಲು ಅಡ್ಡಿಯಿಲ್ಲ.)

1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ಇನ್ನೊಂದು ಅಚ್ಚರಿ ಹೊರಗೆಡಹಿತು. ಗಡ್ಡೆ ಬರಿಸುವ 'ಸಾರ್ಕ್' ಎಂಬ ಜೀನು ವೈರಸಿನ ಸ್ವಂತದ್ದಲ್ಲ, ಯಾವುದೋ ಕಾಲದಲ್ಲಿ ಕೋಳಿಯ ಜೀವಕೋಶದಿಂದಲೇ ಅದು ಎತ್ತಿಕೊಂಡು ಹೋದದ್ದು. ಅಂಥ ಜೀನು ಮನುಷ್ಯರಲ್ಲೂ ಇದೆ. ಹಾಗಾದರೆ ಅದು ನಮ್ಮೊಳಗೆ ಮಾಡುವ ಕೆಲಸವೇನು?

ಇಲ್ಲಿ ಟೋನಿ ಹಂಟರ್ ಬರುತ್ತಾರೆ. 1943ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಅಣುಜೀವ ವಿಜ್ಞಾನಿ ಕೆಲಸ ಮಾಡುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ. ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಕಟ್ಟಿದ ಸಂಸ್ಥೆ ಅದು. ಹಂಟರ್ ಅವರ ಕೆಲಸ ಅರ್ಥವಾಗಲು ನಮ್ಮ ತೋಟದ ಪಂಪನ್ನೇ ನೆನೆಯೋಣ. ಜೀವಕೋಶಕ್ಕೆ ಹೊರಗಿನಿಂದ 'ಈಗ ಬೆಳೆ', 'ಈಗ ಎರಡಾಗು', 'ಸಾಕು, ನಿಲ್ಲು' ಎಂದು ಸಂದೇಶಗಳು ಬರುತ್ತಿರುತ್ತವೆ. ಕೋಶದ ಒಳಗೆ ಆ ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಪ್ರೋಟೀನುಗಳು. ಸ್ವಿಚ್ಚು ಹಾಕುವುದು ಹೇಗೆ? ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸಿ. ಹೌದು, ನಾವು ತೆಂಗಿನ ಬುಡಕ್ಕೆ ರಾಕ್ ಫಾಸ್ಫೇಟ್ ಎಂದು ಹಾಕುತ್ತೇವಲ್ಲ, ಅದೇ ರಂಜಕದ ಬಳಗ. ಹೀಗೆ ಅಂಟಿಸುವ ಪ್ರೋಟೀನುಗಳಿಗೆ ಕೈನೇಸ್ ಎಂದು ಹೆಸರು. ಫಾಸ್ಫೇಟನ್ನು ಕಿತ್ತು ಸ್ವಿಚ್ಚು ಆರಿಸುವ ಪ್ರೋಟೀನುಗಳು ಬೇರೆಯೇ ಇವೆ. ಸ್ಟಾರ್ಟರಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಏನಾಗುತ್ತದೆಂದು ನಮಗೆ ಗೊತ್ತು: ತೊಟ್ಟಿ ತುಂಬಿ ಹರಿದರೂ ಪಂಪು ಓಡುತ್ತಲೇ ಇರುತ್ತದೆ. ಕ್ಯಾನ್ಸರ್ ಕೋಶದ ಅವಸ್ಥೆಯೂ ಅದೇ.

1979ರವರೆಗೆ ತಿಳಿದಿದ್ದದ್ದು, ಪ್ರಾಣಿಗಳ ಪ್ರೋಟೀನಿನಲ್ಲಿ ಕೈನೇಸುಗಳು ಸೀರಿನ್ ಮತ್ತು ಥ್ರಿಯೋನಿನ್ ಎಂಬ ಎರಡು ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತವೆ ಎಂದು. ಆ ವರ್ಷ ಹಂಟರ್ ಇಲಿಗಳಲ್ಲಿ ಗಡ್ಡೆ ಬರಿಸುವ ಇನ್ನೊಂದು ವೈರಸಿನ ಪ್ರೋಟೀನನ್ನು ಪರೀಕ್ಷಿಸುತ್ತಿದ್ದರು. ಪ್ರೋಟೀನನ್ನು ಆಮ್ಲದಲ್ಲಿ ಒಡೆದು, ತಟ್ಟೆಯ ಮೇಲೆ ಹಾಕಿ, ವಿದ್ಯುತ್ ಹರಿಸಿ ಚುಕ್ಕೆಗಳನ್ನು ಬೇರ್ಪಡಿಸುವ ಕ್ರಮ ಅದು. ಅದಕ್ಕೆ ಬೇಕಾದ ದ್ರಾವಣವನ್ನು ಅಂದು ಅವರು ಹೊಸದಾಗಿ ತಯಾರಿಸಲಿಲ್ಲ, ಉದಾಸೀನದಿಂದ ಹಳೆಯದನ್ನೇ ಬಳಸಿದರು. ಹಲವು ಬಾರಿ ಬಳಸಿದ ಆ ದ್ರಾವಣದ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. 1.9ರಲ್ಲಾದರೆ ಹೊಸ ಚುಕ್ಕೆ ಥ್ರಿಯೋನಿನ್ ಚುಕ್ಕೆಯ ಜೊತೆಗೇ ಓಡಿ ಅದರಲ್ಲಿ ಅಡಗಿಬಿಡುತ್ತಿತ್ತು. 1.7ರಲ್ಲಿ ಅದು ಬೇರೆಯಾಗಿ ಕಂಡಿತು. ಫಾಸ್ಫೇಟ್ ಅಂಟಿದ್ದದ್ದು ಟೈರೋಸಿನ್ ಎಂಬ ಮೂರನೆಯ ಅಮೈನೋ ಆಮ್ಲಕ್ಕೆ! ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ನಾವು, ನಿನ್ನೆಯ ದ್ರಾವಣ ಇಂದಿಗೆ ಆಗದು ಎಂದು ಚೆಲ್ಲುತ್ತೇವೆ. ಹಂಟರ್ ಅವರ ಹಳೆಯ ದ್ರಾವಣ ಮಾತ್ರ ಲೋಕೋಪಕಾರ ಮಾಡಿತು. ಆದರೆ ವಿಚಿತ್ರವಾಗಿ ಬಂದ ಚುಕ್ಕೆಯನ್ನು 'ದ್ರಾವಣ ಹಾಳಾಗಿದೆ' ಎಂದು ಬದಿಗೆ ಸರಿಸದೆ ಅದೇನೆಂದು ಹುಡುಕಿದ್ದು ಆ ಮನುಷ್ಯನ ದೊಡ್ಡತನವೆಂದು ನಮಗೆ ತೋರುತ್ತದೆ.

ಬೇಗನೆ ಹಂಟರ್ ಮತ್ತು ಸಹೋದ್ಯೋಗಿ ಬಾರ್ತಲೊಮ್ಯು ಸೆಫ್ಟನ್, ರೌಸ್ ಅವರ ಕೋಳಿಯ 'ಸಾರ್ಕ್' ಕೂಡ ಟೈರೋಸಿನ್ ಕೈನೇಸೇ ಎಂದು ತೋರಿಸಿದರು. ಮನುಷ್ಯರಲ್ಲಿ 500ಕ್ಕೂ ಹೆಚ್ಚು ಕೈನೇಸುಗಳಿವೆಯೆಂದೂ ಅವುಗಳಲ್ಲಿ 90 ಟೈರೋಸಿನಿನವೆಂದೂ 2002ರಲ್ಲಿ ಪಟ್ಟಿಯಾಯಿತು. ಆ ಪಟ್ಟಿ ಮಾಡಿದವರಲ್ಲಿಯೂ ಹಂಟರ್ ಇದ್ದರು.

ಈಗ ನಮ್ಮ ಕೃಷಿಕರ ಕಾಯಿಲೆಗೆ ಬರೋಣ. ಅದರ ಹೆಸರು ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ. ಈ ರೋಗಿಗಳ ರಕ್ತಕೋಶದಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡಿದ್ದರು. 9ನೆಯ ಮತ್ತು 22ನೆಯ ಕ್ರೋಮೋಸೋಮುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ತೋರಿಸಿದರು. ಮುರಿದ ತುದಿಗಳು ಕೂಡಿದಲ್ಲಿ ಹುಟ್ಟುವುದು ಒಂದು ಟೈರೋಸಿನ್ ಕೈನೇಸ್, ಆರಿಸಲಾಗದ ಸ್ವಿಚ್ಚು. ಇದು ತಂದೆತಾಯಿಯಿಂದ ಬರುವ ರೋಗವಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ಸ್ವಿಚ್ಚಿನ ಗುರುತು ಸಿಕ್ಕಿದ ಮೇಲೆ ಅದನ್ನು ತಡೆಯುವ ಮದ್ದು ಬೇಕಾಯಿತು. ಫಾಸ್ಫೇಟ್ ಹೊತ್ತು ಬರುವ ಅಣು ಕೈನೇಸಿನ ಒಂದು ಗುಳಿಯಲ್ಲಿ ಕೂರುತ್ತದೆ. ಆ ಗುಳಿಯನ್ನೇ ಆಕ್ರಮಿಸುವ ಇಮಾಟಿನಿಬ್ ಎಂಬ ಮದ್ದು ಸ್ವಿಜರ್ಲೆಂಡಿನ ಔಷಧ ಕಂಪೆನಿಯಲ್ಲಿ ಸಿದ್ಧವಾಯಿತು. ಅಮೆರಿಕದ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಮಂದಿಯಲ್ಲಿ 53 ಮಂದಿಯ ರಕ್ತದ ಲೆಕ್ಕ ಸರಿಯಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ಒಪ್ಪಿಗೆ ಕೊಟ್ಟಿತು.

ಬೆಲೆಯ ಮಾತನ್ನೂ ಹೇಳಬೇಕು. ಭಾರತದಲ್ಲಿ ಮೂಲ ಕಂಪೆನಿ ನೊವಾರ್ಟಿಸಿನ ಮಾತ್ರೆಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇದ್ದಾಗ, ನಮ್ಮ ದೇಶದ ಕಂಪೆನಿಗಳು ಮಾಡಿದ ಅದೇ ಮದ್ದು ಸುಮಾರು 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ಪೇಟೆಂಟಿಗಾಗಿ ನೊವಾರ್ಟಿಸ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಎಪ್ರಿಲ್ 1ರಂದು ಕೋರ್ಟು ಅದನ್ನು ನಿರಾಕರಿಸಿತು. ಆ ತೀರ್ಪು ಬಾರದಿದ್ದರೆ ಎಷ್ಟು ಮನೆಯ ತೋಟಗಳು ಮಾರಿಹೋಗುತ್ತಿದ್ದವೋ.

ಇನ್ನು ಮಾತ್ರೆ ನಿಲ್ಲಿಸುವ ಪ್ರಶ್ನೆ. ಇಮಾಟಿನಿಬ್ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಮುರಿದ ಕ್ರೋಮೋಸೋಮನ್ನು ಜೋಡಿಸುವುದಿಲ್ಲ. ಜೇಕಿನ ಹುಲ್ಲನ್ನು ಮೇಲಿಂದ ಕಿತ್ತರೆ ಗಡ್ಡೆ ಮಣ್ಣಿನಲ್ಲೇ ಉಳಿಯುವಂತೆ, ಮಜ್ಜೆಯಲ್ಲಿ ರೋಗದ ಮೂಲಕೋಶಗಳು ಉಳಿದಿರುತ್ತವೆ. ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಮದ್ದಿನ ಅಂಶ ಮೈಯಿಂದ ಹೋಗಿಬಿಡುತ್ತದೆ. ಮಧ್ಯೆ ಮಧ್ಯೆ ಬಿಟ್ಟು ಬಿಟ್ಟು ತೆಗೆದುಕೊಂಡರೂ ರೋಗದ ಮೇಲಿನ ಹಿಡಿತ ಸಡಿಲುತ್ತದೆ. ಕೆಲವರಲ್ಲಿ ಕೈನೇಸಿನ ರೂಪವೇ ಬದಲಾಗಿ ಮದ್ದು ನಾಟದೆ ಹೋಗುವುದೂ ಉಂಟು, ಅಂಥವರಿಗೆ ಬೇರೆ ಮಾತ್ರೆಗಳಿವೆ. ಹಲವು ವರ್ಷ ನಿಯಮದಿಂದ ಮದ್ದು ಸೇವಿಸಿ, ರೋಗದ ಗುರುತು ತೀರಾ ತಗ್ಗಿದ ಕೆಲವರಿಗೆ ವೈದ್ಯರೇ ನಿಲ್ಲಿಸಿ ನೋಡುತ್ತಾರೆ. ಆದರೆ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ. ಮಾತ್ರೆಯನ್ನು ಊಟದೊಂದಿಗೆ, ದೊಡ್ಡ ಲೋಟ ನೀರು ಕುಡಿದು ನುಂಗಬೇಕು. ನಾಟಿ ಮದ್ದು ಜೊತೆಗಿದ್ದರೆ ವೈದ್ಯರಲ್ಲಿ ಮುಚ್ಚಿಡಬಾರದು. ಗರ್ಭಿಣಿಯರಿಗೆ ಈ ಮದ್ದು ಸಲ್ಲದು. ಮಗು ಬೇಕೆನ್ನುವವರು ಮೊದಲೇ ವೈದ್ಯರೊಡನೆ ಮಾತಾಡಬೇಕು.

ಇಮಾಟಿನಿಬ್ ಎಲ್ಲ ಕ್ಯಾನ್ಸರಿಗೂ ಮದ್ದಲ್ಲ. ನಮ್ಮ ಕಡೆ ಹೆಚ್ಚು ಕಾಣುವ ಬಾಯಿಯ ಕ್ಯಾನ್ಸರಿಗೆ ಇಂಥ ಒಂದೇ ಸ್ವಿಚ್ಚಿಲ್ಲ, ಅಲ್ಲಿ ಹಲವು ಕೆಟ್ಟಿರುತ್ತವೆ. ಬರೆಯಲು ನಮಗೆ ಕಷ್ಟವಾದರೂ ಬರೆಯಲೇಬೇಕು: ತಂಬಾಕಿಲ್ಲದ ಎಲೆಯಡಿಕೆಯೂ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ನಮ್ಮ ಮಕ್ಕಳ ಫೀಸು ಕಟ್ಟಿದ್ದೇವೆ, ನಿಜ. ಆದರೂ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲು ತೊಂದರೆ ಕಂಡರೆ ಕೊಯ್ಲು ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ನಮ್ಮ ಕೃಷಿಕರು ಮಾತ್ರೆ ಬಿಟ್ಟ ಸಂಗತಿ ಹೊರಬಿದ್ದದ್ದು ಐದು ತಿಂಗಳ ಮೇಲೆ, ಎಡಪಕ್ಕೆ ಮತ್ತೆ ಭಾರವಾದಾಗ. ವೈದ್ಯರು ಬೈದರು, ಹೆಂಡತಿ ಅತ್ತರು. ಮದ್ದು ಪುನಃ ನಾಟಿತು. ಈಗ ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೆಯೇ ಇದೆ, ಲೆಕ್ಕ ಇಡುವ ಕೆಲಸ ಮೊಮ್ಮಗಳದ್ದು. ಮುಂದಿನ ರಕ್ತ ಪರೀಕ್ಷೆ ಎರಡನೆಯ ಸಲದ ಬೋರ್ಡೋ ಸಿಂಪಡಣೆ ಮುಗಿದ ವಾರ.