ಗಾಳಿಯೂ ಮಣಿಕಟ್ಟೂ

ಅನೇಕ ವೇಳೆ ಒಂದು ವಸ್ತುವಿಗೆ ಹೆಸರು ಹುಟ್ಟಬೇಕಾದರೆ ಮೊದಲು ಅದರ ಎದುರಾಳಿ ಹುಟ್ಟಬೇಕಾಗುತ್ತದೆ. ತಾನು ಹಳಗನ್ನಡದಲ್ಲಿ ಕಾವ್ಯ ರಚಿಸುತ್ತಿದ್ದೇನೆಂದು ಪಂಪನಿಗೆ ತಿಳಿದಿರಲಿಲ್ಲ. ಅವನ ಪಾಲಿಗೆ ಅದು ಕನ್ನಡ, ಅಷ್ಟೆ. (ಅವನಿಗಿಂತ ಹಿಂದಿನ ಕವಿರಾಜಮಾರ್ಗದಲ್ಲಿಯೇ ‘ಪಳಗನ್ನಡ’ವೆಂಬ ಮಾತು ಬರುತ್ತದೆಯೆಂಬುದು ನಿಜ, ಆದರೆ ಅದು ತಮಗಿಂತ ಹಳೆಯದಕ್ಕೆ ಆ ಕಾಲದವರು ಇಟ್ಟ ಹೆಸರು.) ಮೋಟಾರ್ ಸೈಕಲ್ಲುಗಳ ಲೋಕದಲ್ಲಿ ನಡೆದುದೂ ಇದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೦ರ ದಶಕದಲ್ಲಿ ಹೊರಬಂದ ಜಾವಾಗಳೂ, ೧೯೯೬ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೆ ಬಂದ ಎಜ್ಡಿಗಳೂ ತಮ್ಮ ಎಂಜಿನ್ನನ್ನು ಊರಿಗೆಲ್ಲ ತೋರಿಸಿಕೊಂಡೇ ತಿರುಗಿದವು. ಅವನ್ನು ಯಾರೂ ‘ನೇಕೆಡ್’ ಎನ್ನಲಿಲ್ಲ. ಮೈತುಂಬ ಹೊದ್ದುಕೊಂಡ ಸ್ಪೋರ್ಟ್ಸ್ ಬೈಕು ಬೀದಿಗಿಳಿದ ಮೇಲೆ, ಹೊದೆಯದೆ ಉಳಿದದ್ದು ಬೆತ್ತಲೆಯೆಂದು ಜನಕ್ಕೆ ತೋರಿತು. ಸಂಸ್ಕೃತದಲ್ಲಿ ‘ದಿಗಂಬರ’ವೆಂಬ ಘನವಾದ ಮಾತಿದೆ, ದಿಕ್ಕುಗಳನ್ನೇ ಉಟ್ಟದ್ದು ಎಂದು ಅದರ ಅರ್ಥ. ಎಲ್ಲ ಕಡೆಯಿಂದಲೂ ಗಾಳಿಗೆ ತೆರೆದುಕೊಂಡ ಬೈಕಿಗೆ ಅದೇ ಒಪ್ಪುತ್ತದೆಂದು ನನ್ನ ಎಣಿಕೆ. ಆದರೆ ಷೋರೂಮಿನವರು ಕನ್ನಡ ಮೇಷ್ಟರ ಮಾತಿಗೆ ಕಾಯುವವರಲ್ಲ.

ಹೆಸರಿನ ವಿಚಾರ ಹಾಗಿರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಈಚೆಗೆ ನನ್ನ ಮುಂದೆ ತಂದವನು ಹಳೆಯ ವಿದ್ಯಾರ್ಥಿಯೊಬ್ಬ. ತುಮಕೂರಿನಲ್ಲಿ ತಾಯಿಯೊಡನೆ ಇದ್ದಾನೆ. ವಾರಕ್ಕೆ ಮೂರು ನಾಲ್ಕು ದಿನ ಪೀಣ್ಯದ ಕಾರ್ಖಾನೆಗೆ ಬೈಕಿನಲ್ಲಿಯೇ ಹೋಗಿಬರುತ್ತಾನೆ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಅವನಲ್ಲಿರುವುದು ಕೆಟಿಎಂ ಡ್ಯೂಕ್ ೩೯೦. ಅದನ್ನು ತೆಗೆದುಕೊಂಡು, ಮೇಲೆ ನಲವತ್ತು ಸಾವಿರ ರೂಪಾಯಿ ಪಡೆದು, ಅದೇ ಕಂಪನಿಯ ಆರ್‌ಸಿ ೩೯೦ ಕೊಡುವುದಾಗಿ ಹಳೆಯ ಬೈಕುಗಳ ವ್ಯಾಪಾರಿಯೊಬ್ಬ ಹೇಳಿದ್ದಾನೆ. “ಏನು ಮಾಡಲಿ ಸಾರ್? ಮನಸ್ಸು ಹೂಂ ಅನ್ನುತ್ತೆ, ಲೆಕ್ಕ ಊಹೂಂ ಅನ್ನುತ್ತೆ” ಎಂದ. ನಾನು ಇಪ್ಪತ್ತು ವರ್ಷದಿಂದ ಬೈಕು ಓಡಿಸುವವನೆಂಬುದು ಅವನಿಗೆ ಗೊತ್ತು. “ನಾಲ್ಕು ದಿನ ಕೊಡು, ಯೋಚಿಸಿ ಹೇಳುತ್ತೇನೆ” ಎಂದೆ. ಯೋಚಿಸಿದಷ್ಟೂ ಇದು ಅವನೊಬ್ಬನ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೊದಲನೆಯ ಸೋಜಿಗವೆಂದರೆ, ಅವನು ಬದಲಾಯಿಸಹೊರಟಿರುವುದು ಎಂಜಿನ್ನನ್ನಲ್ಲ. ಡ್ಯೂಕ್ ೩೯೦ ನಮ್ಮ ದೇಶದಲ್ಲಿ ೨೦೧೩ರಲ್ಲಿ ಬಂತು, ಆರ್‌ಸಿ ೩೯೦ ಮರುವರ್ಷ. ಎರಡರಲ್ಲಿಯೂ ಇದ್ದುದು ೩೭೩ ಸಿ.ಸಿ.ಯ ಒಂದೇ ಒಂಟಿ ಸಿಲಿಂಡರಿನ ಎಂಜಿನ್; ಎರಡೂ ತಯಾರಾದುದು ಪುಣೆಯ ಬಳಿಯ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ. ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನ ಟಿವಿಎಸ್‌ನವರು ಇದನ್ನೇ ತಿರುವುಮುರುವಾಗಿ ಮಾಡಿದರು: ೨೦೧೭ರ ಡಿಸೆಂಬರಿನಲ್ಲಿ ಹೊದಿಕೆಯುಳ್ಳ ಆರ್‌ಆರ್ ೩೧೦ ಅನ್ನು ತಂದು, ಅದೇ ೩೧೨ ಸಿ.ಸಿ. ಎಂಜಿನ್ ಹೊತ್ತ ಬರಿಮೈಯ ಆರ್‌ಟಿಆರ್ ೩೧೦ ಅನ್ನು ೨೦೨೩ರಲ್ಲಿ ತಂದರು. ಹಾಗಾದರೆ ನಲವತ್ತು ಸಾವಿರ ಕೊಟ್ಟು ಕೊಳ್ಳುವುದೇನನ್ನು? ಒಂದು ಹೊದಿಕೆಯನ್ನು, ಅದರೊಡನೆ ಒಂದು ಭಂಗಿಯನ್ನು. ನನ್ನ ಮಟ್ಟಿಗೆ ಇಡೀ ವಿಚಾರ ಈ ಭಂಗಿಯಲ್ಲಿ ಅಡಗಿದೆ.

ಡ್ಯೂಕಿನಲ್ಲಿ ಅಗಲವಾದ ಒಂದೇ ಹ್ಯಾಂಡಲ್ಲು ಎದೆಯ ಮಟ್ಟಕ್ಕೆ ಬರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಆರ್‌ಸಿಯಲ್ಲಿ ಒಂದು ಹ್ಯಾಂಡಲ್ಲಿನ ಬದಲು ಎರಡು ಮೋಟು ಹಿಡಿಗಳು; ಅವನ್ನು ಮುಂದಿನ ಫೋರ್ಕಿನ ಕೊಳವೆಗಳಿಗೆ ತಗ್ಗಿನಲ್ಲಿ ಬಿಗಿದಿದ್ದಾರೆ. ಕಾಲಿಡುವ ಜಾಗ ಹಿಂದಕ್ಕೂ ಮೇಲಕ್ಕೂ ಸರಿದಿದೆ. ಸವಾರ ಸಹಜವಾಗಿಯೇ ಟ್ಯಾಂಕಿನ ಮೇಲೆ ಬಾಗುತ್ತಾನೆ. ಹೀಗೆ ಬಾಗಿಸಿದುದು ಅಲಂಕಾರಕ್ಕಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿಯಾದರೋ ವೇಗದ ಘನದಂತೆ. ಗಂಟೆಗೆ ೪೦ ಕಿಲೋಮೀಟರಿನಿಂದ ೮೦ಕ್ಕೆ ಏರಿದರೆ ತಡೆ ನಾಲ್ಕು ಪಾಲಾಗುತ್ತದೆ, ಶಕ್ತಿ ಎಂಟು ಪಾಲು ಬೇಕಾಗುತ್ತದೆ. ೧೨೦ಕ್ಕೆ ಏರಿದರೆ ಒಂಬತ್ತು ಪಾಲು, ಇಪ್ಪತ್ತೇಳು ಪಾಲು. ಆ ವೇಗದಲ್ಲಿ ನೆಟ್ಟಗೆ ಕುಳಿತವನ ಎದೆಯೆಂದರೆ ಒಂದು ಹಾಯಿ. ಬಾಗಿದವನು ಗಾಳಿಗೆ ಕಡಿಮೆ ಸಿಕ್ಕುತ್ತಾನೆ. ಸಿಕ್ಕ ಗಾಳಿ ಅವನ ಎದೆಯನ್ನು ಅಷ್ಟಿಷ್ಟು ಎತ್ತಿಹಿಡಿದು ಕೈಗಳ ಭಾರವನ್ನು ಇಳಿಸುತ್ತದೆ.

ಆದರೆ ಗಾಳಿ ಹೊರಬೇಕಾದ ಈ ಭಾರವನ್ನು ಗಾಳಿಯಿಲ್ಲದಾಗ ಯಾರು ಹೊರಬೇಕು? ಮಣಿಕಟ್ಟು ಹೊರಬೇಕು. ಪಳಗಿದವರು ತೊಡೆಗಳಿಂದ ಟ್ಯಾಂಕನ್ನು ಅಪ್ಪಿ, ನಡುವಿನ ಬಲದಿಂದ ಮೈಯನ್ನು ತಡೆದು, ಕೈಗಳನ್ನು ಸಡಿಲವಾಗಿಟ್ಟುಕೊಳ್ಳುತ್ತಾರೆಂಬುದು ದಿಟ. ಆದರೆ ಕ್ಲಚ್ಚು, ಬ್ರೇಕು, ಮತ್ತೆ ಕ್ಲಚ್ಚು ಎಂದು ಗೊರಗುಂಟೆಪಾಳ್ಯದಲ್ಲಿ ಮುಕ್ಕಾಲು ಗಂಟೆ ತೆವಳುವವನಿಗೆ ಈ ಯೋಗಾಭ್ಯಾಸ ಎಷ್ಟು ಹೊತ್ತು ಸಾಗೀತು?

ಪುಸ್ತಕದ ಮಾತು ಸಾಲದೆಂದು, ಅವನ ಗೆಳೆಯನೊಬ್ಬನ ಆರ್‌ಸಿಯನ್ನು ಕೇಳಿ ಪಡೆದು ದೇವರಾಯನದುರ್ಗಕ್ಕೆ ಹೋಗಿಬಂದೆ. ಬೆಟ್ಟದ ತಿರುವುಗಳಲ್ಲಿ ಆ ಬೈಕಿನ ಗುಣ ಒಮ್ಮೆಗೇ ಕಂಡಿತು. ಡ್ಯೂಕಿಗಿಂತ ಅದರ ಗಾಲಿಗಳ ನಡುವಣ ಅಂತರ ತುಸು ಕಡಿಮೆ, ಮುಂದಿನ ಫೋರ್ಕು ತುಸು ಹೆಚ್ಚು ನೆಟ್ಟಗೆ. ಮೈಯ ಭಾರವೂ ಮುಂದಿನ ಚಕ್ರದ ಮೇಲೆ ಬೀಳುವುದರಿಂದ, ಕಣ್ಣು ನೆಟ್ಟ ಕಡೆಗೆ ಬೈಕು ತಾನಾಗಿ ಇಳಿದು ಹೋಗುತ್ತದೆ. ಒಳ್ಳೆಯ ಛಂದಸ್ಸಿನಲ್ಲಿ ಪದ ತಾನಾಗಿ ತನ್ನ ಗಣಕ್ಕೆ ಬಂದು ಕೂರುವಂತೆ ಎಂದರೆ ನನ್ನ ಕಸುಬಿನವರಿಗೆ ಅರ್ಥವಾದೀತು. ಆ ಹತ್ತು ನಿಮಿಷಗಳಲ್ಲಿ ಹುಡುಗನ ಮನಸ್ಸು ಏಕೆ ಹೂಂ ಎನ್ನುತ್ತದೆಂದು ತಿಳಿಯಿತು. ಇಳಿದು ಊರೊಳಗೆ ಬಂದೆ. ಬಸ್ಸು ನಿಲ್ದಾಣದ ಮುಂದೆ, ಹೊದಿಕೆಯ ಸಂದಿಯಿಂದ ಹೊರಟ ಎಂಜಿನ್ನಿನ ಕಾವು ಮಂಡಿಗೆ ತಗಲುತ್ತಿರಲು, ಪಕ್ಕದ ಆಟೋದವನನ್ನು ನೋಡಲು ಕತ್ತನ್ನು ಆಮೆಯಂತೆ ಎತ್ತಬೇಕಾಯಿತು. ಮನೆಗೆ ಬಂದು ಕಾಫಿಯ ಲೋಟ ಹಿಡಿದಾಗ ಹೆಬ್ಬೆರಳಿನ ಬುಡ ಜೋಮುಗಟ್ಟಿತ್ತು. ನನಗೆ ನಲವತ್ತಾರು, ಅವನಿಗೆ ಇಪ್ಪತ್ತೊಂಬತ್ತು. ಅವನ ಮಣಿಕಟ್ಟು ನನ್ನದಕ್ಕಿಂತ ಗಟ್ಟಿ, ಒಪ್ಪಿದೆ. ಆದರೆ ನಾನು ಹೋಗಿಬಂದುದು ಮೂವತ್ತು ಕಿಲೋಮೀಟರು. ಅವನು ದಿನಕ್ಕೆ ಹೋಗಿಬರುವುದು ನೂರರ ಮೇಲೆ.

ಗಾಳಿಗಾಗಿ ಮನುಷ್ಯ ಪಟ್ಟ ಪಾಡಿನ ಕಥೆ ರಸವತ್ತಾದುದು. ೧೯೪೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯೂಟಾ ಪ್ರಾಂತದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ರಾಲಿ ಫ್ರೀ ಎಂಬ ಸವಾರ ವಿನ್ಸೆಂಟ್ ಬೈಕಿನ ಮೇಲೆ ಗಂಟೆಗೆ ೧೫೦ ಮೈಲಿ ದಾಟಲೆಳಸಿದ. ತೊಟ್ಟಿದ್ದ ಚರ್ಮದ ಉಡುಪು ಗಾಳಿಗೆ ಹರಿಯಿತು. ಗುರಿಗೆ ತುಸುವೇ ಕಡಿಮೆಯಾಯಿತು. ಉಡುಪನ್ನೆಲ್ಲ ಕಳಚಿ, ಈಜುಚಡ್ಡಿಯೊಂದನ್ನು ಉಳಿಸಿಕೊಂಡು, ಬೈಕಿನ ಮೇಲೆ ಬೋರಲಾಗಿ ಕಾಲುಗಳನ್ನು ಹಿಂದಕ್ಕೆ ಚಾಚಿ ಮಲಗಿ ಓಡಿಸಿದ, ೧೫೦.೩ ಮೈಲಿ ದಕ್ಕಿತು. ಅಂದು ಬೆತ್ತಲೆಯಾದುದು ಬೈಕಲ್ಲ, ಸವಾರ! ಬಳಿಕ ಬುದ್ಧಿವಂತರು ಬೈಕಿಗೇ ಬಟ್ಟೆ ತೊಡಿಸಿದರು. ಇಟಲಿಯ ಮೋಟೋ ಗುಜ್ಜಿ ಕಂಪನಿ ೧೯೫೦ರಲ್ಲಿ ಕೋಮೋ ಸರೋವರದ ದಡದ ತನ್ನ ಕಾರ್ಖಾನೆಯಲ್ಲಿ ಬೈಕನ್ನು ಸವಾರನೊಡನೆ ನಿಲ್ಲಿಸಿ ಪರೀಕ್ಷಿಸುವಷ್ಟು ದೊಡ್ಡ ಗಾಳಿಸುರಂಗವನ್ನು ಕಟ್ಟಿತು. ಆಗಿನ ಪಂದ್ಯದ ಬೈಕುಗಳ ಹೊದಿಕೆ ಮುಂದಿನ ಚಕ್ರವನ್ನೂ ನುಂಗುವಷ್ಟು ಬೆಳೆದು, ಅಡ್ಡಗಾಳಿಗೆ ಸಿಕ್ಕಿ ಸವಾರರನ್ನು ಕೆಡಹತೊಡಗಿತು. ೧೯೫೮ರಿಂದ ಅಂಥ ಹೊದಿಕೆಗೆ ಪಂದ್ಯಗಳಲ್ಲಿ ನಿಷೇಧ ಬಂತು. ಪಂದ್ಯದ ಬೈಕನ್ನು ಬಹುಮಟ್ಟಿಗೆ ಹಾಗೆಯೇ ಬೀದಿಗೆ ತಂದ ಸುಜುಕಿ ಜಿಎಸ್‌ಎಕ್ಸ್-ಆರ್ ೭೫೦ ಬಂದುದು ೧೯೮೫ರಲ್ಲಿ. ಅಲ್ಲಿಂದ ಮುಂದೆ, ಬಿದ್ದು ಹೊದಿಕೆ ಒಡೆದುಕೊಂಡ ಯುರೋಪಿನ ಎಷ್ಟೋ ಸವಾರರು ಹೊಸದನ್ನು ಕೊಳ್ಳಲಾರದೆ ಹರಕನ್ನು ಕಿತ್ತೆಸೆದು, ನೆಟ್ಟಗಿನ ಹ್ಯಾಂಡಲ್ಲನ್ನು ಹಾಕಿಸಿಕೊಂಡು ಬರಿಮೈಯಲ್ಲೇ ಓಡಿಸಿದರು. ೧೯೯೩ರಲ್ಲಿ ಡುಕಾಟಿಯವರ ಮಾನ್‌ಸ್ಟರ್ ಮಾರಾಟಕ್ಕೆ ಬಂದಾಗ ಆ ಬಡತನವೇ ಫ್ಯಾಷನ್ನಾಯಿತು. ನನ್ನ ಶಿಷ್ಯನ ಡ್ಯೂಕು ಆ ವಂಶದ್ದು. ಬೀದಿಯ ಅನುಭವ ಕಲಿಸಿದ್ದನ್ನು ಕಳಚಿಹಾಕಿ ಅವನು ಮತ್ತೆ ಪಂದ್ಯದ ಉಡುಪಿಗೆ ಹೊರಟಿದ್ದಾನೆಂಬುದು ಇದರ ತಾತ್ಪರ್ಯ.

ಆ ಉಡುಪು ಕೆಲಸಕ್ಕೆ ಬರುವ ರಸ್ತೆ ನಮಗೆಲ್ಲಿದೆ? ಕೇಂದ್ರ ಸರಕಾರ ೨೦೧೮ರಲ್ಲಿ ಹೊರಡಿಸಿದ ಅಧಿಸೂಚನೆ ನಾಲ್ಕು ಪಥದ ಹೆದ್ದಾರಿಯಲ್ಲಿಯೂ ಮೋಟಾರ್ ಸೈಕಲ್ಲಿಗೆ ಗಂಟೆಗೆ ೮೦ ಕಿಲೋಮೀಟರಿನ ಮಿತಿ ಹಾಕಿತು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥಗಳಿಂದ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರಗಳನ್ನು ಹೊರಗೇ ಇಟ್ಟರು. ಗಾಳಿ ಮೈಯನ್ನು ಹೊರತೊಡಗುವ ವೇಗ ಎಲ್ಲಿ ಶುರುವಾಗುವುದೋ ಸರಿಸುಮಾರು ಅಲ್ಲಿಯೇ ಕಾನೂನು ಮುಗಿಯುತ್ತದೆ. ಇದನ್ನು ನಾನು ವಿನೋದಕ್ಕೆ ಹೇಳುತ್ತಿಲ್ಲ. ೬೦ರಲ್ಲಿ ಹಿಂಸೆಯೆನಿಸಿ ೧೧೦ರಲ್ಲಿ ಹಿತವೆನಿಸುವ ಬೈಕು ತನ್ನ ಸವಾರನನ್ನು ಒಂದು ಕಡೆಗೇ ಒತ್ತುತ್ತಿರುತ್ತದೆ. ದಾಬಸ್‌ಪೇಟೆಯ ಬಳಿ ಬೆಳಗಿನ ಆರು ಗಂಟೆಗೆ ರಸ್ತೆ ಬಿಡುವಾಗಿ ಕಂಡಾಗ ಆ ಒತ್ತಡ ಕೈಗೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡವರೂ ಹೆದ್ದಾರಿಯನ್ನು ಅಡ್ಡ ದಾಟುತ್ತಿರುತ್ತಾರೆ.

ಇನ್ನು ಹಿಂದಿನ ಸೀಟು. ನನ್ನ ಶಿಷ್ಯನ ತಾಯಿಗೆ ಕಣ್ಣಿನ ಚಿಕಿತ್ಸೆ ನಡೆಯುತ್ತಿದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವುದು ಮಗನ ಬೈಕಿನಲ್ಲಿ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಆಸರೆ, ಸೆರಗು ಚಕ್ರಕ್ಕೆ ಸಿಕ್ಕದಂತೆ ತಡೆ ಇವು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಿಯಮದ ಅಕ್ಷರವನ್ನು ಆರ್‌ಸಿಯವರೂ ಪಾಲಿಸಿದ್ದಾರೆ. ಆದರೆ ಅದರ ಹಿಂದಿನ ಸೀಟನ್ನು ನೋಡಿದರೆ, ಅಲ್ಲಿ ಯಾರೂ ಕೂರದಿರಲಿ ಎಂಬ ಹಾರೈಕೆಯಿಂದ ಮಾಡಿದಂತೆ ತೋರುತ್ತದೆ: ಎತ್ತರ, ಕಿರಿದು, ಬಾಲದ ತುಂಡೆಂದು ಭ್ರಮೆ ಹುಟ್ಟಿಸುವಂಥದು. ಡ್ಯೂಕಿನದೂ ಪಲ್ಲಂಗವಲ್ಲ, ಆದರೂ ಸವಾರ ನೆಟ್ಟಗೆ ಕೂರುವುದರಿಂದ ಅವನ ಹೆಗಲು ಆಕೆಯ ಕೈಗೆ ಸಿಕ್ಕುತ್ತದೆ. ಮುಂದಿನವನು ಬಾಗಿದರೆ ಹಿಂದಿನವರಿಗೆ ಹಿಡಿಯಲು ಉಳಿಯುವುದು ಗಾಳಿ. “ಅಮ್ಮನನ್ನು ಆಟೋದಲ್ಲಿ ಕಳಿಸುತ್ತೇನೆ ಸಾರ್” ಎಂದ. ಕಳಿಸಬಹುದು. ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಕೆ ಮಗನ ಬೆನ್ನಿಗೆ ಒರಗಿ ಏನೇನು ಮಾತಾಡುತ್ತಿದ್ದರೋ, ಅದು ಆಟೋದಲ್ಲಿ ಸಾಗುವ ಸಾಮಾನಲ್ಲ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಹೊಸ ಬೈಕಿಗೆ ಹೋಗುವುದಾದರೆ ೨೦೨೫ರ ಸೆಪ್ಟೆಂಬರ್ ೨೨ರಿಂದ ೩೫೦ ಸಿ.ಸಿ. ಮೀರಿದವಕ್ಕೆ ಜಿಎಸ್‌ಟಿ ಶೇಕಡಾ ೪೦ಕ್ಕೆ ಏರಿತು. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ನಮ್ಮಲ್ಲಿಯೇ ನೋಂದಾಯಿಸಿದ ಹಳೆಯ ಬೈಕಿಗೆ ಈ ತೆರಿಗೆ ಮತ್ತೆ ಬೀಳುವುದಿಲ್ಲ. ಆ ಮಟ್ಟಿಗೆ ವ್ಯಾಪಾರಿಯ ಮಾತು ಲಾಭದ್ದೇ. ಆದರೆ ಹೊದಿಕೆ ಪ್ಲಾಸ್ಟಿಕ್ಕು. ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇಕಡಾ ೫೦ ಸವಕಳಿಯೆಂದು ಕಳೆದುಬಿಡುತ್ತಾರೆ. ನಿಂತ ಬೈಕು ಸ್ಟ್ಯಾಂಡು ಜಾರಿ ಉರುಳಿದರೂ ಡ್ಯೂಕಿಗೆ ಒಂದು ಲಿವರು ಬಾಗೀತು. ಆರ್‌ಸಿಗೆ ಒಂದು ಮಗ್ಗುಲೇ ಸೀಳೀತು. ಮಾರುವವನು ಹೆಸರು ವರ್ಗಾವಣೆಯನ್ನು ವ್ಯಾಪಾರಿಯ ಪ್ರಾಮಾಣಿಕತೆಗೆ ಬಿಡಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆಯೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ವಿಮೆಯಲ್ಲಿ ಗಳಿಸಿದ ‘ನೋ ಕ್ಲೇಮ್ ಬೋನಸ್’ ಬೈಕಿನದಲ್ಲ, ಮಾಲೀಕನದು. ಅದರ ಪತ್ರವನ್ನು ಮರೆಯದೆ ಪಡೆದುಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಅವನ ಆಸೆಯನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದುಡಿದು ತಂದ ಸಂಬಳವನ್ನೆಲ್ಲ ಮನೆಗೆ ಸುರಿಯುವವನು ತನಗಾಗಿ ಚೆಲುವಾದದ್ದೊಂದನ್ನು ಬಯಸಿದರೆ ಅದನ್ನು ಉಪಯುಕ್ತತೆಯ ತಕ್ಕಡಿಯಲ್ಲಿ ಮಾತ್ರ ತೂಗುವುದು ಅನ್ಯಾಯ. ನಿಜಕ್ಕೂ ಅವನಿಗೆ ಬೇಕಾದುದು ದೇವರಾಯನದುರ್ಗದ ಆ ಹತ್ತು ನಿಮಿಷ. ಅದಕ್ಕೆ ತಕ್ಕ ಜಾಗ ಬೇರೆ ಇದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ೧೯೯೦ರಿಂದ ಇರುವ ಪಂದ್ಯದ ಓಟಪಥ ಸುಮಾರು ೩.೭ ಕಿಲೋಮೀಟರು; ಕೊಯಮತ್ತೂರಿನ ಬಳಿ ಕರಿ ಸ್ಪೀಡ್‌ವೇ ೨.೧ ಕಿಲೋಮೀಟರು. ಪಂದ್ಯಗಾರರಲ್ಲದವರಿಗೂ ಇಂಥಲ್ಲಿ ತರಬೇತಿಯ ದಿನಗಳಿರುತ್ತವೆ. ಎದುರಿನಿಂದ ಬರುವವರಿಲ್ಲ, ಹಾಲಿನ ಕ್ಯಾನಿನವರಿಲ್ಲ. ಬಿದ್ದರೆ ಎತ್ತಲು ಆಂಬ್ಯುಲೆನ್ಸು ಕಾದಿರುತ್ತದೆ. ಬರಿಮೈಯ ಡ್ಯೂಕೂ ಅಲ್ಲಿ ಧಾರಾಳವಾಗಿ ಓಡುತ್ತದೆ.

ಆದುದರಿಂದ ಅವನಿಗೆ ನಾನು ಹೇಳಿದ್ದಿಷ್ಟು. ಬದಲಾಯಿಸಬೇಡ. ನಲವತ್ತು ಸಾವಿರದಲ್ಲಿ ಒಂದು ಪಾಲಿನಿಂದ ಒಳ್ಳೆಯ ಹೆಲ್ಮೆಟ್ಟು, ಕೈಗವಸು, ಮಂಡಿಗೆ ಕಾಪು ಕೊಂಡುಕೋ; ಇನ್ನೊಂದು ಪಾಲಿನಿಂದ ಆ ಓಟಪಥಕ್ಕೆ ಹೋಗಿ ಎರಡು ದಿನ ಕಲಿತು ಬಾ; ಉಳಿದುದನ್ನು ತಾಯಿಯ ಚಿಕಿತ್ಸೆಗೆ ಇಟ್ಟುಕೋ. ಹಿಂದಿರುಗಿದ ಮೇಲೂ ಆ ಹೊದ್ದ ಬೈಕೇ ಬೇಕೆನಿಸಿದರೆ ಬಂದು ಹೇಳು, ವರ್ಗಾವಣೆಯ ೨೯, ೩೦ನೆಯ ನಮೂನೆಗಳನ್ನು ನಾನೇ ಕೂತು ತುಂಬಿಕೊಡುತ್ತೇನೆ.