ಗಾಳದ ಯಾತ್ರೆಗೆ ಮುನ್ನ

ಸಂಡೂರು ತಾಲ್ಲೂಕಿನ ಚೋರನೂರಿನಂಥ ಬೆದ್ದಲು ಸೀಮೆಯಲ್ಲಿ ಕುಳಿತು ಮೀನು ಹಿಡಿಯುವ ವಿನೋದವನ್ನು ಕುರಿತು ಮಾತನಾಡುವುದು ಕೇಳುವವರಿಗೆ ತುಸು ವಿಚಿತ್ರವೆನಿಸಬಹುದು. ಮಳೆಯನ್ನೇ ನೆಚ್ಚಿ ಜೋಳ, ಶೇಂಗಾ ಬಿತ್ತುವ ನೆಲ ಇದು. ಆದರೆ ಇಲ್ಲಿಂದ ಉತ್ತರಕ್ಕೆ ಹೊಸಪೇಟೆಯ ಕಡೆ ಸಾಗಿದರೆ, 1953ರಿಂದ ಅಣೆಕಟ್ಟಿನ ಹಿಂದೆ ಕಡಲಿನಂತೆ ನಿಂತಿರುವ ತುಂಗಭದ್ರೆ ಕಣ್ಣಿಗೆ ಬೀಳುತ್ತಾಳೆ. ಮುಂದೆ ಹಂಪೆ, ಆನೆಗೊಂದಿ, ಕಂಪ್ಲಿಗಳ ಬಂಡೆಗಳ ನಡುವೆ ನುಸುಳುವವಳೂ ಅವಳೇ. ನದಿಯಿದ್ದಲ್ಲಿ ಮೀನುಂಟು, ಮೀನಿದ್ದಲ್ಲಿ ಗಾಳವುಂಟು. ಆ ಗಾಳದ ಹಿಂದೆ ಇರುವ ಸಿದ್ಧತೆಯ ಶಾಸ್ತ್ರವೇ ಇಂದಿನ ನನ್ನ ವಿಷಯ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ ನಮ್ಮವರ ಮನೆಗೆ ಹೋಗಿಬಂದವರು ಸಾಲ್ಮನ್ ಎಂಬ ಮೀನಿನ ಹೆಸರನ್ನು ಕೇಳಿಯೇ ಇರುತ್ತಾರೆ. ಅಲ್ಲಿ ನಾಲ್ಕಾರು ಜನ ಸೇರಿ, ನಾವಿಕನ ಸಮೇತ ಒಂದು ದೋಣಿಯನ್ನು ದಿನದ ಬಾಡಿಗೆಗೆ ಗೊತ್ತುಮಾಡಿಕೊಂಡು ಸಾಲ್ಮನ್ ಹಿಡಿಯಲು ಹೊರಡುವುದು ಒಂದು ಸಂಪ್ರದಾಯ. ಮೀನು ಬರುವ ತಿಂಗಳು ಯಾವುದು, ಸರಕಾರದ ಪರವಾನಗಿ ಪಡೆದಾಯಿತೆ, ಎಷ್ಟು ಮೀನನ್ನು ಒಯ್ಯಲು ಅಪ್ಪಣೆಯುಂಟು, ಚಳಿಗಾಳಿಗೆ ಬಟ್ಟೆ ಸಾಕೆ, ಹಿಡಿದ ಮೀನು ಕೆಡದಂತಿಡಲು ಮಂಜುಗಡ್ಡೆ ಇದೆಯೆ ಎಂಬ ವಿಚಾರಗಳೆಲ್ಲ ಹೊರಡುವ ಮೊದಲೇ ಇತ್ಯರ್ಥವಾಗಬೇಕು. ದೋಣಿ ದಡ ಬಿಟ್ಟಮೇಲೆ ಮರೆತದ್ದನ್ನು ತರಲು ಹಿಂದಿರುಗುವಂತಿಲ್ಲ.

ಇದು ಪರದೇಶದ ಹವ್ಯಾಸ, ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಅವರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೇ ಉತ್ತರ ಹೇಳಬೇಕು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆತ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ನೂರು ಅಧ್ಯಾಯಗಳ ವಿಶ್ವಕೋಶ. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬುದೂ ಒಂದು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂಬ ವಿಂಗಡಣೆ ಅಲ್ಲಿದೆ. ಯಾವ ಮೀನಿಗೆ ಯಾವ ಆಹಾರವಿತ್ತು ಪಳಗಿಸಬೇಕು, ಹುರಿ ಹೇಗಿರಬೇಕು, ಕೋಲು ಹೇಗಿರಬೇಕು ಎಂಬ ವಿವರಗಳಿವೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನವನ್ನೇ ಪ್ರಕಟಿಸಿ ವಿದ್ವಾಂಸರ ಗಮನವನ್ನು ಅದರತ್ತ ಸೆಳೆದರು. ಗಮನಿಸಬೇಕಾದ ಅಂಶವೆಂದರೆ, ದೊರೆಯ ದೃಷ್ಟಿಯಲ್ಲಿ ಮೀನು ಹಿಡಿಯುವ ಕ್ಷಣಕ್ಕಿಂತ ಅದಕ್ಕೆ ಮುಂಚಿನ ಸಿದ್ಧತೆಯೇ ದೊಡ್ಡದು. ಮೀನಿನ ಸ್ವಭಾವವನ್ನು ಅರಿಯದವನಿಗೆ ಗಾಳ ಕೇವಲ ಬಾಗಿದ ಕಬ್ಬಿಣ.

ಸಾಲ್ಮನ್ ನಮ್ಮ ಹೊಳೆಗಳ ಮೀನಲ್ಲ. ಆದರೆ ಆ ಸ್ಥಾನವನ್ನು ನಮ್ಮಲ್ಲಿ ಮಹಶೀರ್ ತುಂಬಿದೆ. ಕಾವೇರಿ ತೀರದವರು ಇದನ್ನು ಬಿಳಿ ಮೀನು ಎನ್ನುತ್ತಾರೆ. ಶೃಂಗೇರಿಯ ಮಠದ ಸೋಪಾನಗಳಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಇವು ದೇವರ ಮೀನುಗಳಾಗಿ ಭಕ್ತರು ಎಸೆದ ಮಂಡಕ್ಕಿಯನ್ನು ತಿಂದು ನಿರ್ಭಯವಾಗಿ ಬಾಳುತ್ತವೆ. ವಂಶದಿಂದ ಇದು ಗೆಂಡೆಯ ಬಳಗಕ್ಕೆ ಸೇರಿದ್ದು, ಸಾಲ್ಮನ್ನಿಗೆ ಬಂಧುವಲ್ಲ. ಆದರೂ ಎರಡಕ್ಕೂ ಒಂದು ಹೋಲಿಕೆಯುಂಟು: ಮೊಟ್ಟೆಯಿಡುವ ಕಾಲಕ್ಕೆ ಎರಡೂ ಪ್ರವಾಹಕ್ಕೆ ಎದುರಾಗಿ ಮೇಲೇರುತ್ತವೆ. ಶಾಂತಸಾಗರದ ಸಾಲ್ಮನ್ ಹಾಗೆ ಏರಿ, ಮೊಟ್ಟೆಯಿಟ್ಟು, ಅಲ್ಲಿಯೇ ಪ್ರಾಣ ಬಿಡುತ್ತದೆ. ಮಹಶೀರ್ ಹಿಂದಿರುಗಿ ಬರುತ್ತದೆ, ಮತ್ತೆ ಮುಂಗಾರಿನಲ್ಲಿ ಏರುತ್ತದೆ. ಆದಕಾರಣ ಒಂದು ದೊಡ್ಡ ಮಹಶೀರನ್ನು ಕೊಂದವನು ಮುಂದಿನ ಎಷ್ಟೋ ಮುಂಗಾರುಗಳ ಸಂತಾನವನ್ನೂ ಕೊಂದಂತೆ.

ಈ ಮೀನನ್ನು ಇಂಗ್ಲಿಷ್ ಬಲ್ಲ ಜಗತ್ತಿಗೆ ವಿಸ್ತಾರವಾಗಿ ಪರಿಚಯಿಸಿದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಮುಂದೆ ಕಿಟ್ಟೆಲರ ನಿಘಂಟು ಹೊರಬಂದ ಊರಿನಲ್ಲಿಯೇ. ಗಾಳಕ್ಕೆ ಸಿಕ್ಕಾಗ ಮಹಶೀರ್ ಒಡ್ಡುವ ಸೆಣಸು ಸಾಲ್ಮನ್ನಿನದಕ್ಕೂ ಮಿಗಿಲು ಎಂಬುದು ಅವನ ಅಭಿಪ್ರಾಯವಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು.

ಇಂಥ ಮೀನಿಗಾಗಿ ನಡೆಸುತ್ತಿದ್ದ ಸಿದ್ಧತೆ ಹೇಗಿತ್ತು? 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ನಾನಾ ದೇಶಗಳಿಂದ ಜನ ಬಂದರು. ಅವರು ತಂದ ಕೋಲು ಮತ್ತು ರಾಟೆ ವಿಲಾಯಿತಿಯವಾದರೂ ಎರೆ ಮಾತ್ರ ನಮ್ಮದು: ರಾಗಿ. ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ತೊಡಿಸುತ್ತಿದ್ದರು. ಮೆತ್ತಗಾದರೆ ನೀರಿನ ಸೆಳೆತಕ್ಕೆ ಕರಗಿಹೋದೀತು, ಕಲ್ಲಾದರೆ ಮೀನು ಮೂಸದು. ಆ ಹದ ಬಲ್ಲವರು ತೀರದ ಹಳ್ಳಿಗರು. ಅವರಲ್ಲಿ ಹಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು. ಮಡುವು ಎಲ್ಲಿ, ಬಂಡೆಯ ಮರೆ ಎಲ್ಲಿ, ಮುಂಜಾನೆ ಮೀನು ಎತ್ತ ಹೊರಳುತ್ತದೆ ಎಂಬ ಅರಿವು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಕಳ್ಳಬೇಟೆಯ ವಿದ್ಯೆಯೇ ಅವರಿಗೆ ಮರ್ಯಾದೆಯ ಜೀವನೋಪಾಯವಾಯಿತು.

ಇನ್ನು ವಾಹನ. ಇಲ್ಲಿ ಬಾಡಿಗೆಯ ದೋಣಿಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಲು ಬುಟ್ಟಿಯಂತೆ ದುಂಡಗಿನ, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳಿದ್ದುವೆಂದು ಬರೆದಿದ್ದಾನೆ. ತಳ ಚಪ್ಪಟೆಯಾದುದರಿಂದ ಬಂಡೆ ತುಂಬಿದ ಹೊಳೆಗೆ ಇದು ಒಪ್ಪುತ್ತದೆ. ಆದರೆ ಚುಕ್ಕಾಣಿಯಿಲ್ಲ, ಅಂಬಿಗನ ಹುಟ್ಟೇ ದಿಕ್ಕು. ಆದ್ದರಿಂದ ಇದನ್ನೇರುವವರು ಅಂಬಿಗನ ಮಾತಿಗೆ ಎದುರಾಡದೆ, ಎದ್ದು ನಿಲ್ಲದೆ, ಭಾರವನ್ನು ಸಮನಾಗಿ ಹಂಚಿಕೊಂಡು ಕೂರಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡಿರಬೇಕು. ಹೊಳೆ ಏರುವಾಗ ಹೇಳಿ ಬರುವುದಿಲ್ಲ.

ಕಾವೇರಿಯ ಶಿಬಿರಗಳಲ್ಲಿ ಇದ್ದ ಪ್ರಧಾನ ನಿಯಮ, ಹಿಡಿದ ಮೀನನ್ನು ಮತ್ತೆ ಹೊಳೆಗೆ ಬಿಡಬೇಕೆಂಬುದು. ಇದಕ್ಕೂ ಸಿದ್ಧತೆ ಬೇಕು. ಮುಳ್ಳಿಲ್ಲದ ಗಾಳವಾದರೆ ಬಾಯಿ ಹರಿಯದೆ ಕಳಚಿಬರುತ್ತದೆ. ಒಣಗಿದ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಹೋಗುವುದರಿಂದ ಕೈಯನ್ನು ತೋಯಿಸಿಕೊಂಡಿರಬೇಕು. ದಣಿದ ಮೀನನ್ನು ಸೆಳೆತಕ್ಕೆ ಮುಖಮಾಡಿ, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ನೀರಿನಲ್ಲಿಯೇ ಆಧರಿಸಿ ಹಿಡಿದಿರಬೇಕು.

ಇಷ್ಟಾದರೂ ಕಥೆ ಸುಖಾಂತವಾಗಲಿಲ್ಲ. ಈ ತೀರದ ಬಹುಭಾಗ 1987ರಲ್ಲಿ ಕಾವೇರಿ ವನ್ಯಧಾಮವಾಯಿತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಕಾಯಿದೆಗೆ ದೊರೆತು, 2010ರ ನಂತರದ ವರ್ಷಗಳಲ್ಲಿ ಆ ಶಿಬಿರಗಳ ಗಾಳ ನಿಂತಿತು. ಗಾಳಗಾರರ ಕಣ್ಣು ಹೊಳೆಯ ಮೇಲಿದ್ದುದರಿಂದಲೇ ಸಿಡಿಮದ್ದು ಹಾಕುವವರು ದೂರವಿದ್ದರು ಎಂಬುದು ಒಂದು ವಾದ. ಅಭಯ ಕೊಟ್ಟಮೇಲೆ ವಿನೋದಕ್ಕಾಗಿ ನೋಯಿಸುವುದು ಸಲ್ಲದೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ.

ಇದಕ್ಕಿಂತ ಗಾಢವಾದ ಪಾಠವೊಂದುಂಟು. ಕಾವೇರಿಯ ಭಾರಿ ಗಾತ್ರದ ಗೂನುಬೆನ್ನಿನ ಮಹಶೀರ್ ಬೇರೆಯೇ ಒಂದು ಜಾತಿ. ಮೀನು ಹೆಚ್ಚಲೆಂಬ ಸದುದ್ದೇಶದಿಂದಲೇ, ಮರಿಕೇಂದ್ರಗಳಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮತ್ತೊಂದು ಜಾತಿಯ ಮಹಶೀರ್ ಮರಿಗಳನ್ನು ಹೊಳೆಗೆ ಬಿಡಲಾಯಿತು. ಅವು ಹೆಚ್ಚಿದಂತೆ ಗೂನುಬೆನ್ನಿನ ಮೂಲನಿವಾಸಿ ಕಾಣದಾಯಿತು. ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು, 'ಟಾರ್ ರೇಮದೇವಿ', ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನೂರೈವತ್ತು ವರ್ಷ ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡ ಮೀನು ಯಾವುದೆಂದು ಸರಿಯಾಗಿ ತಿಳಿದಾಗ ಅದು ಬಹುಮಟ್ಟಿಗೆ ಇಲ್ಲವಾಗಿತ್ತು.

ಆದುದರಿಂದ ಗಾಳದ ಯಾತ್ರೆಗೆ ಹೊರಡುವವರು ಬುತ್ತಿ ಕಟ್ಟುವುದಕ್ಕೂ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ನೀರಿನಲ್ಲಿ ಗಾಳ ಹಾಕಲು ಇಲಾಖೆಯ ಅಪ್ಪಣೆಯುಂಟೆ? ಇದು ಮೀನು ಮೊಟ್ಟೆಯಿಡುವ ಕಾಲವೆ? ಇಲ್ಲಿರುವ ಮೀನು ಯಾವುದು, ಎಷ್ಟಿದೆ? ಇವಕ್ಕೆ ಉತ್ತರ ಹೇಳಬಲ್ಲವರು ಮೀನುಗಾರಿಕೆ ಇಲಾಖೆಯವರು ಮತ್ತು ಹೊಳೆಯ ದಡದಲ್ಲಿ ಬಾಳುವ ಅಂಬಿಗರು. ಇಬ್ಬರನ್ನೂ ಕೇಳಬೇಕು. ಉತ್ತರ ಅನುಕೂಲವಾಗಿದ್ದರೆ ಗಾಳ, ಹುರಿ, ರಾಗಿಯ ಉಂಡೆಗಳನ್ನು ಸಿದ್ಧಪಡಿಸಿಕೊಳ್ಳಬಹುದು. ಅನುಕೂಲವಿಲ್ಲದಿದ್ದರೆ ಒಂದು ಸೇರು ಮಂಡಕ್ಕಿ ಕೊಂಡು ಚಿಪ್ಪಲಗುಡ್ಡೆಗೆ ಹೋಗಬಹುದು. ಅಲ್ಲಿಯೂ ಮಹಶೀರ್ ಕೈಯಳತೆಯ ದೂರಕ್ಕೆ ಬರುತ್ತದೆ.